ಹತ್ತನೇ ತರಗತಿಯ ಆಂತರಿಕ ಅಂಕವನ್ನು ಅಂತಿಮ ಪರೀಕ್ಷೆಯ ಜೊತೆ ತಾಳೆ ನೋಡುವವರು ಯಾರು?

ಪ್ರಶ್ನೆ: ತುಂಗೆಯ ದಡದವಳು, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಮ್ಮ ತಾಲ್ಲೂಕಿನ ಚಿಕ್ಕದೊಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ತರಗತಿಯಲ್ಲಿ ಇರುವುದು ಹನ್ನೊಂದೇ ಮಕ್ಕಳು. ಅಲ್ಲಿಯ ಗಣಿತದ ಶಿಕ್ಷಕರು ಬಹಳ ಕಟ್ಟುನಿಟ್ಟಿನವರು. ಉತ್ತರ ಸರಿಯಿದ್ದರೂ ಹಂತ ಬಿಟ್ಟರೆ ಅರ್ಧ ಅಂಕವನ್ನಾದರೂ ಕಡಿಯುತ್ತಾರೆ. ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳ ಇದುವರೆಗಿನ ಲೆಕ್ಕ ಹಿಡಿದರೆ ಅವಳ ಆಂತರಿಕ ಅಂಕ ಇಪ್ಪತ್ತಕ್ಕೆ ಹದಿನಾಲ್ಕರ ಆಸುಪಾಸಿನಲ್ಲಿ ನಿಲ್ಲುವಂತೆ ಕಾಣುತ್ತದೆ. ಅಷ್ಟಾದರೂ ತರಗತಿಗೆ ಅವಳೇ ಎರಡನೆಯವಳು. ಪೇಟೆಯ ಇನ್ನೊಂದು ಶಾಲೆಯಲ್ಲಿ (ಹೆಸರು ಬೇಡ) ಓದುವ ನಮ್ಮ ನೆಂಟರ ಹುಡುಗನಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದಿದೆ. ಅವನ ತರಗತಿಯಲ್ಲಿ ಹತ್ತೊಂಬತ್ತಕ್ಕಿಂತ ಕಡಿಮೆ ಪಡೆದವರೇ ಇಲ್ಲವಂತೆ.

ಈ ವಿಷಯ ಮನಸ್ಸಿನಲ್ಲಿ ಕೊರೆಯುತ್ತಿರುವಾಗಲೇ ಸಿಡ್ನಿಯಲ್ಲಿರುವ ಅಣ್ಣನ ಮಗಳು ಫೋನ್ ಮಾಡಿದ್ದಳು. ಅವಳು ಅಲ್ಲಿ ಎಚ್‌ಎಸ್‌ಸಿ, ಅಂದರೆ ಹನ್ನೆರಡನೇ ತರಗತಿಯ ಅಂತಿಮ ಪರೀಕ್ಷೆಗೆ ಕೂತವಳು. "ಶಾಲೆಯವರು ನನಗೆ ಕೊಟ್ಟ ಅಂಕ ಎಷ್ಟೆಂದು ನನಗೇ ಗೊತ್ತಿಲ್ಲ ಅತ್ತೆ, ತರಗತಿಯಲ್ಲಿ ಎಷ್ಟನೇ ಸ್ಥಾನ ಎಂಬುದನ್ನಷ್ಟೇ ತಿಳಿಸುತ್ತಾರೆ, ಅಂಕವನ್ನು ಪರೀಕ್ಷೆಯಾದ ಮೇಲೆ ಮಂಡಳಿಯೇ ಸರಿಹೊಂದಿಸುತ್ತದೆ" ಎಂದಳು. ಶಾಲೆ ಕೊಟ್ಟ ಅಂಕವನ್ನು ಹೊರಗಿನವರು ಬದಲಿಸುವುದು ನ್ಯಾಯವೇ ಎಂದು ಕೇಳಿದ್ದಕ್ಕೆ, ಹಾಗೆ ಬದಲಿಸದಿದ್ದರೇ ಅನ್ಯಾಯ ಎಂದು ನಕ್ಕಳು.

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಹೊಂದಾಣಿಕೆ ಏನಾದರೂ ಇದೆಯೇ? ಇಲ್ಲದಿದ್ದರೆ, ಬಿಗಿಯಾಗಿ ಅಂಕ ಕೊಡುವ ಮೇಷ್ಟ್ರ ಕೈಯಲ್ಲಿ ಕಲಿತ ಮಕ್ಕಳಿಗೆ ಆಗುವ ನಷ್ಟವನ್ನು ತುಂಬಿಕೊಡುವ ಬೇರೆ ದಾರಿ ಇದೆಯೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ಹಳೇ ಗಣಿತ ಮೇಷ್ಟ್ರು, ಸಾಗರ

ತಾಯಿ, ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಇಲ್ಲ. ಹತ್ತನೇ ತರಗತಿಯಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ಒಂದೊಂದರಲ್ಲೂ ಹದಿನೈದು ಹದಿನೈದು ಅಂಕಗಳ ಎರಡು ಚಟುವಟಿಕೆ ಮತ್ತು 20 ಅಂಕಗಳ ಒಂದು ಕಿರು ಪರೀಕ್ಷೆ, ಅಂದರೆ 50 ಅಂಕ. ನಾಲ್ಕೂ ಸೇರಿ 200. ಅದನ್ನು 20ಕ್ಕೆ ಇಳಿಸಿ, ಪ್ರಥಮ ಭಾಷೆಗಾದರೆ 25ಕ್ಕೆ ಇಳಿಸಿ, ಶಾಲೆಯು ಪರೀಕ್ಷಾ ಮಂಡಲಿಗೆ ಕಳುಹಿಸುತ್ತದೆ. ಮಂಡಲಿಯು ಅದನ್ನು 80ರ ಲಿಖಿತ ಪರೀಕ್ಷೆಯ ಅಂಕದ ಪಕ್ಕದಲ್ಲಿಟ್ಟು ಕೂಡುತ್ತದೆ, ಅಷ್ಟೆ. ಇಲಾಖೆಯ ತಂಡದವರು ಶಾಲೆಗೆ ಬಂದು ದಾಖಲೆಗಳನ್ನು ನೋಡುವುದುಂಟು. ಆದರೆ ಅದು ದಾಖಲೆಯ ತಪಾಸಣೆಯೇ ಹೊರತು ಅಂಕದ ಹೊಂದಾಣಿಕೆಯಲ್ಲ. ಹಾಗಾಗಿ ನಿಮ್ಮ ಮಗಳು ಕಳೆದುಕೊಂಡ ಆರು ಅಂಕ 625ರ ಮೊತ್ತದಲ್ಲಿ ಆರು ಅಂಕವಾಗಿಯೇ ಕಳೆಯುತ್ತದೆ.

ಇನ್ನು ಸಿಡ್ನಿಯ ವಿಷಯ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಎಚ್‌ಎಸ್‌ಸಿಯ ಅಂತಿಮ ಅಂಕದಲ್ಲಿ ಅರ್ಧ ಭಾಗ ಬಾಹ್ಯ ಪರೀಕ್ಷೆಯದು, ಉಳಿದರ್ಧ ಶಾಲಾ ಮೌಲ್ಯಮಾಪನದ್ದು. ಆ ಎರಡನೆಯ ಅರ್ಧವನ್ನು ಹಾಗೆಯೇ ಕೂಡುವುದಿಲ್ಲ, ಮೊದಲು ಮಾಡರೇಶನ್‌ಗೆ, ಅಂದರೆ ಹೊಂದಾಣಿಕೆಗೆ ಒಳಪಡಿಸುತ್ತಾರೆ. ಅದರ ಹಿಂದಿರುವ ಆಲೋಚನೆ ಬಹಳ ಸರಳ. ಒಂದು ತರಗತಿಯಲ್ಲಿ ಯಾರು ಮುಂದು, ಯಾರು ಹಿಂದು, ಯಾರ ನಡುವೆ ಎಷ್ಟು ಅಂತರ ಎಂಬುದು ವರ್ಷವಿಡೀ ನೋಡಿದ ಶಿಕ್ಷಕರಿಗೆ ಮೂರು ಗಂಟೆಯ ಪರೀಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ತಮ್ಮ ತರಗತಿಯು ರಾಜ್ಯದ ಉಳಿದ ತರಗತಿಗಳೊಡನೆ ಹೋಲಿಸಿದರೆ ಯಾವ ಮಟ್ಟದಲ್ಲಿದೆ ಎಂಬುದು ಅವರಿಗೆ ತಿಳಿಯುವ ಬಗೆಯಿಲ್ಲ. ಅದನ್ನು ಎಲ್ಲರೂ ಬರೆದ ಒಂದೇ ಪ್ರಶ್ನೆಪತ್ರಿಕೆ ಹೇಳಬಲ್ಲದು. ಆದ್ದರಿಂದ ಕ್ರಮವನ್ನು ಶಿಕ್ಷಕರಿಂದ ತೆಗೆದುಕೊಳ್ಳುವುದು, ಮಟ್ಟವನ್ನು ಪರೀಕ್ಷೆಯಿಂದ ತೆಗೆದುಕೊಳ್ಳುವುದು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಸಂಖ್ಯೆಗಳು ನನ್ನ ಕಲ್ಪನೆಯವು. ಐದು ಮಕ್ಕಳಿಗೆ ಶಾಲೆ ಕೊಟ್ಟ ಅಂಕ ನೂರಕ್ಕೆ 90, 85, 80, 70, 60. ಸರಾಸರಿ 77. ಅದೇ ಐವರು ಬಾಹ್ಯ ಪರೀಕ್ಷೆಯಲ್ಲಿ ಗಳಿಸಿದ್ದು, ಯಾರಿಗೆ ಯಾವುದು ಎಂಬುದು ಸದ್ಯಕ್ಕೆ ಬೇಡ, 80, 74, 66, 60, 40. ಸರಾಸರಿ 64. ಈಗ ಶಾಲೆಯ ಅಂಕಪಟ್ಟಿಯ ತುದಿಯಲ್ಲಿರುವ 90ನ್ನು ಪರೀಕ್ಷೆಯ ಗರಿಷ್ಠವಾದ 80ಕ್ಕೆ ತರುತ್ತಾರೆ, ಕೊನೆಯ 60ನ್ನು ಸಾಧ್ಯವಾದಷ್ಟೂ ಪರೀಕ್ಷೆಯ ಕನಿಷ್ಠವಾದ 40ಕ್ಕೆ ತರುತ್ತಾರೆ, ನಡುವಿನವುಗಳನ್ನು ಇಡೀ ಗುಂಪಿನ ಸರಾಸರಿ 64 ಆಗುವಂತೆ ಒಂದು ವರ್ಗ ಬಹುಪದದ ಮೇಲೆ ಕೂರಿಸುತ್ತಾರೆ. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣ ಕಲಿಸುವಾಗ "ಇದು ಬದುಕಿನಲ್ಲಿ ಎಲ್ಲಿ ಬೇಕು ಸಾರ್" ಎಂದು ಕೇಳಿದ ಹುಡುಗರಿಗೆ ನಾನು ಈ ಉದಾಹರಣೆಯನ್ನು ಕೊಡಬಹುದಿತ್ತು. ಆಗ ನನಗೇ ತಿಳಿದಿರಲಿಲ್ಲ. ಲೆಕ್ಕ ಮಾಡಿದರೆ ಹೊಂದಿಸಿದ ಅಂಕಗಳು ಸುಮಾರು 80, 75, 69, 56, 40 ಎಂದು ಬರುತ್ತವೆ. ಕೂಡಿ ನೋಡಿ, 320. ಪರೀಕ್ಷೆಯ ಮೊತ್ತವೂ 320.

ಇದರಲ್ಲಿ ಗಮನಿಸಬೇಕಾದುದು ಏನೆಂದರೆ, ಶಾಲೆಯಲ್ಲಿ ಎರಡನೆಯವಳಾದ ಹುಡುಗಿ ಪರೀಕ್ಷೆಯಲ್ಲಿ ಮುಗ್ಗರಿಸಿದರೂ ಅವಳ ಶಾಲಾ ಭಾಗದ ಅಂಕ 75 ಆಗಿಯೇ ಉಳಿಯುತ್ತದೆ. ಬದಲಾಗುವುದು ಗುಂಪಿನ ಮಟ್ಟ, ಒಬ್ಬೊಬ್ಬರ ಸ್ಥಾನವಲ್ಲ. ಶಿಕ್ಷಕರು ಬಿಗಿಯೋ ಉದಾರಿಯೋ ಎಂಬ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ಆ ಐವರಿಗೆ 90ರಿಂದ 60ರ ಬದಲು 60ರಿಂದ 30ರವರೆಗೆ ಅದೇ ಅಂತರದಲ್ಲಿ ಅಂಕ ಕೊಟ್ಟಿದ್ದರೂ ಕೊನೆಗೆ ಬರುವುದು ಅದೇ 80, 75, 69, 56, 40. ನಿಮ್ಮ ಮಗಳ ಹದಿನಾಲ್ಕು ಅಲ್ಲಿ ಹದಿನಾಲ್ಕಾಗಿ ಉಳಿಯುತ್ತಿರಲಿಲ್ಲ.

ಉತ್ತರ: ಹೊಸನಗರದ ಶಿಕ್ಷಕಿ

ಮೇಷ್ಟ್ರ ವಿವರಣೆ ಸ್ಪಷ್ಟವಾಗಿದೆ, ಆದರೆ ಈ ಸೂತ್ರವನ್ನು ನಮ್ಮ ಕಡೆಯ ಶಾಲೆಗಳಿಗೆ ತಂದು ಕೂರಿಸಿದರೆ ಏನಾಗುತ್ತದೆ ಎಂಬುದನ್ನು ತರಗತಿಯಲ್ಲಿ ನಿಂತವಳಾಗಿ ಹೇಳಬೇಕೆನಿಸಿತು.

ಮೊದಲನೆಯದಾಗಿ, ಎಲ್ಲರಿಗೂ ಹತ್ತೊಂಬತ್ತು ಇಪ್ಪತ್ತು ಬರುವುದು ಯಾವಾಗಲೂ ಶಾಲೆಯ ಕಪಟದಿಂದಲ್ಲ. ಮೊದಲ ರೂಪಣಾತ್ಮಕ ಮೌಲ್ಯಮಾಪನ ಬರುವುದೇ ಜುಲೈ ತಿಂಗಳಿನಲ್ಲಿ. ಆಗ ನಮ್ಮಲ್ಲಿ ವಾರದಲ್ಲಿ ಎರಡು ದಿನ ಮಳೆ ರಜೆ. ಉಳಿದ ದಿನಗಳಲ್ಲಿ ಹಳ್ಳದಾಚೆಯ ಮಕ್ಕಳು ಕಾಲುಸಂಕ ಮುಳುಗಿದೆ ಎಂದು ಬರುವುದಿಲ್ಲ. ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು, ಸುಲಿತ. ಮನೆಯಲ್ಲಿ ಆಳು ಸಿಗದಿದ್ದರೆ ಹತ್ತನೇ ತರಗತಿಯ ಹುಡುಗನೇ ಆಳು. ತಪ್ಪಿದ ಚಟುವಟಿಕೆಯನ್ನು ಅವನಿಂದ ಮತ್ತೆ ಮಾಡಿಸಬೇಕು, ದಾಖಲಿಸಬೇಕು, ಪೋರ್ಟಲ್‌ಗೆ ಏರಿಸುವ ಕೊನೆಯ ದಿನ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಇಷ್ಟೆಲ್ಲದರ ನಡುವೆ ಆ ಹುಡುಗನಿಗೆ ಹನ್ನೊಂದು ಕೊಡಬೇಕೋ ಹದಿನೆಂಟು ಕೊಡಬೇಕೋ ಎಂಬ ಪ್ರಶ್ನೆ ಬಂದಾಗ ಕೈ ಹದಿನೆಂಟರ ಕಡೆಗೇ ಹೋಗುತ್ತದೆ. ಪಕ್ಕದ ಶಾಲೆ ಇಪ್ಪತ್ತು ಕೊಟ್ಟಿದೆ ಎಂದು ಗೊತ್ತಿದ್ದೂ ನಾನು ಹನ್ನೊಂದು ಕೊಟ್ಟರೆ ಆ ಮಗುವಿಗೆ ನಾನೇ ಅನ್ಯಾಯ ಮಾಡಿದಂತಾಗುತ್ತದೆ ಎಂಬ ಭಯವೂ ಸುಳ್ಳಲ್ಲ. ಈಗ 2025-26ನೇ ಸಾಲಿನಿಂದ ಉತ್ತೀರ್ಣತೆಗೆ ಒಟ್ಟು ಶೇ 33, ಅಂದರೆ 625ಕ್ಕೆ 206, ಮತ್ತು ಪ್ರತಿ ವಿಷಯದಲ್ಲಿ ಆಂತರಿಕ ಹಾಗೂ ಲಿಖಿತ ಸೇರಿ ಕನಿಷ್ಠ ಶೇ 30 ಎಂದಾದ ಮೇಲೆ ಆ ಇಪ್ಪತ್ತು ಅಂಕಗಳ ತೂಕ ಇನ್ನೂ ಹೆಚ್ಚಿದೆ. ಫೇಲಾಗುವ ಅಂಚಿನಲ್ಲಿರುವ ಮಗುವಿನ ಆಂತರಿಕ ಅಂಕ ಬರೆಯುವಾಗ ಪೆನ್ನು ಹಿಡಿದವರಿಗೇ ಗೊತ್ತು ಅದರ ಸಂಕಟ.

ಎರಡನೆಯದಾಗಿ, ಮಾಡರೇಶನ್ ಸೂತ್ರ ದೊಡ್ಡ ಗುಂಪಿಗೆ ಸರಿ. ತುಂಗೆಯ ದಡದವರು ಹೇಳಿದಂಥ ಹನ್ನೊಂದು ಮಕ್ಕಳ ತರಗತಿಯಲ್ಲಿ ಒಬ್ಬನು ಜ್ವರದಿಂದಲೋ ಗಾಬರಿಯಿಂದಲೋ ಪರೀಕ್ಷೆಯಲ್ಲಿ 55 ಅಂಕ ಕಳೆದುಕೊಂಡನೆಂದು ಇಟ್ಟುಕೊಳ್ಳಿ. ಇಡೀ ತರಗತಿಯ ಸರಾಸರಿ ಐದು ಅಂಕ ಕುಸಿಯುತ್ತದೆ. ಅವನ ಜ್ವರಕ್ಕೆ ಉಳಿದ ಹತ್ತು ಮಂದಿ ಮದ್ದು ಕುಡಿಯಬೇಕೇ? ಶಿವಮೊಗ್ಗದ ನೂರಿಪ್ಪತ್ತು ಮಕ್ಕಳ ಶಾಲೆಯಲ್ಲಿ ಅದೇ ಹುಡುಗನಿದ್ದರೆ ಸರಾಸರಿಯಲ್ಲಿ ಅರ್ಧ ಅಂಕದ ವ್ಯತ್ಯಾಸವೂ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ 2020ರಲ್ಲಿ ಆದದ್ದು ನೆನಪಿರಬಹುದು. ಕೋವಿಡ್‌ನಿಂದ ಪರೀಕ್ಷೆ ರದ್ದಾಗಿ, ಶಿಕ್ಷಕರು ಅಂದಾಜಿಸಿದ ಗ್ರೇಡುಗಳನ್ನು ಅಲ್ಲಿಯ ಪರೀಕ್ಷಾ ನಿಯಂತ್ರಣ ಸಂಸ್ಥೆಯಾದ ಆಫ್‌ಕ್ವಾಲ್ ಗಣಕಸೂತ್ರದಿಂದ ಹೊಂದಿಸಿತು. ನಮ್ಮ ಪಿಯುಸಿ ಮಟ್ಟದ ಎ ಲೆವೆಲ್‌ನಲ್ಲಿ ಶಿಕ್ಷಕರು ಕೊಟ್ಟಿದ್ದಕ್ಕಿಂತ ಕಡಿಮೆಗೆ ಇಳಿದ ಗ್ರೇಡುಗಳು ಸುಮಾರು ಶೇ 40. ಐದು ಅಥವಾ ಅದಕ್ಕಿಂತ ಕಡಿಮೆ ಮಕ್ಕಳ ಗುಂಪಿಗೆ ಸೂತ್ರವನ್ನು ಹಚ್ಚಲಿಲ್ಲ, ಅಲ್ಲಿ ಶಿಕ್ಷಕರ ಗ್ರೇಡನ್ನೇ ಉಳಿಸಿಕೊಂಡರು. ಅಂಥ ಸಣ್ಣ ತರಗತಿಗಳು ಹೆಚ್ಚಾಗಿದ್ದುದು ದುಬಾರಿ ಶುಲ್ಕದ ಖಾಸಗಿ ಶಾಲೆಗಳಲ್ಲಿ. ಜನ ಬೀದಿಗಿಳಿದ ಮೇಲೆ ಆಗಸ್ಟ್ 17ರಂದು ಸೂತ್ರವನ್ನು ಕೈಬಿಟ್ಟರು. ಸೂತ್ರಕ್ಕೆ ಮಕ್ಕಳ ಮುಖ ಕಾಣುವುದಿಲ್ಲ ಎಂಬುದು ನನ್ನ ತಕರಾರು.

ಉತ್ತರ: ವಿದ್ಯಾನಗರದ ಪೋಷಕ, ಶಿವಮೊಗ್ಗ

ಶಿಕ್ಷಕಿಯವರ ಕಾಳಜಿಯನ್ನು ಒಪ್ಪುತ್ತೇನೆ. ಆದರೆ ಇಂಗ್ಲೆಂಡಿನ ಉದಾಹರಣೆಯನ್ನು ಸಿಡ್ನಿಯ ಪದ್ಧತಿಯ ಜೊತೆ ಒಂದೇ ಬುಟ್ಟಿಗೆ ಹಾಕಬಾರದು. ಸಿಡ್ನಿಯಲ್ಲಿ ಹೊಂದಾಣಿಕೆಗೆ ಬಳಸುವುದು ಅದೇ ಮಕ್ಕಳು ಅದೇ ವರ್ಷ ಬರೆದ ಪರೀಕ್ಷೆಯನ್ನು. ಇಂಗ್ಲೆಂಡಿನಲ್ಲಿ ಆ ವರ್ಷ ಪರೀಕ್ಷೆಯೇ ಇರಲಿಲ್ಲವಾದ್ದರಿಂದ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ಕಟ್ಟಿದರು; ಅಂದರೆ ಅಣ್ಣಂದಿರು ಬರೆದ ಪರೀಕ್ಷೆಯಿಂದ ತಮ್ಮಂದಿರ ಅಂಕ ನಿರ್ಧಾರವಾಯಿತು. ಅದೇ ತಪ್ಪಿನ ಸಣ್ಣ ರೂಪವನ್ನು ನಮ್ಮಲ್ಲೂ ನೋಡಿದ್ದೇವೆ. ನನ್ನ ಹಿರಿಯ ಮಗ 2021ರಲ್ಲಿ ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿದ್ದ. ಪರೀಕ್ಷೆ ರದ್ದಾಗಿ, 80 ಅಂಕಗಳ ಭಾಗವನ್ನು ಶಾಲೆಯ ಆ ವರ್ಷದ ಟೆಸ್ಟುಗಳ ಮೇಲೆ ನಿರ್ಧರಿಸುವಂತೆ ಹೇಳಿದರು. ಆದರೆ ಹಿಂದಿನ ಮೂರು ವರ್ಷಗಳಲ್ಲಿ ಶಾಲೆಯ ಉತ್ತಮ ಫಲಿತಾಂಶ ಬಂದ ವರ್ಷವನ್ನು ಆಧಾರ ವರ್ಷವೆಂದು ಹಿಡಿದು, ಅದರ ಸರಾಸರಿಗಿಂತ ಎರಡು ಅಂಕ ಆಚೀಚೆ ಮಾತ್ರ ಇರಬೇಕೆಂದು ಕಟ್ಟು ಹಾಕಿದರು. ಫಲಿತಾಂಶ ಸಮಿತಿಯಲ್ಲಿ ನೆರೆಯ ಶಾಲೆಗಳ ಇಬ್ಬರು ಶಿಕ್ಷಕರು ಇರಬೇಕೆಂಬುದು ಮಾತ್ರ ಮೆಚ್ಚತಕ್ಕ ನಿಯಮವಾಗಿತ್ತು. ಹಿಂದಿನ ಬ್ಯಾಚು ಸಾಧಾರಣವಾಗಿದ್ದ ಶಾಲೆಯಲ್ಲಿ ಆ ವರ್ಷ ಒಳ್ಳೆಯ ಬ್ಯಾಚು ಬಂದಿದ್ದರೆ ಆ ಮಕ್ಕಳ ಗತಿ ಏನೆಂದು ಯಾರೂ ಉತ್ತರಿಸಲಿಲ್ಲ.

ಕರ್ನಾಟಕದ್ದು ಇನ್ನೊಂದು ಬಗೆ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯದೆ ಎಲ್ಲರೂ ಉತ್ತೀರ್ಣರಾದರು. ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಅಂಕಗಳೇ ಅಲ್ಲಿ ಮುಖ್ಯ ಆಧಾರ. ಎಂಜಿನಿಯರಿಂಗ್ ಪ್ರವೇಶಕ್ಕೆ ಪಿಯು ಅಂಕಕ್ಕೂ ಸಿಇಟಿ ಅಂಕಕ್ಕೂ ಸಮಪಾಲು ಕೊಡುವ ಪದ್ಧತಿ ನಮ್ಮದು. 2022ರಲ್ಲಿ ಆ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನು ಪರಿಗಣಿಸದೆ ರ‍್ಯಾಂಕ್ ಕೊಟ್ಟಿದ್ದು ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಅವರ ಪಿಯು ಅಂಕಗಳನ್ನು ಒಂದಿಷ್ಟು ತಗ್ಗಿಸಿ ಸೇರಿಸಿಕೊಳ್ಳುವ ಸೂತ್ರಕ್ಕೆ ಬರಬೇಕಾಯಿತು. ಹೊಂದಾಣಿಕೆಯ ನಿಯಮ ಮೊದಲೇ ಇಲ್ಲದಿದ್ದರೆ ಅದನ್ನು ಕೋರ್ಟಿನಲ್ಲಿ ಬರೆಯಬೇಕಾಗುತ್ತದೆ.

ಜೊತೆಗೆ ಒಂದು ಮಾತು. ಕೃಪಾಂಕವನ್ನೂ ಮಾಡರೇಶನ್ನನ್ನೂ ಬಹಳ ಜನ ಒಂದೇ ಎಂದುಕೊಂಡಿದ್ದಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂದು ಫಲಿತಾಂಶ ಕುಸಿದಾಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟಾದರೂ 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಕೃಪಾಂಕವೆಂದರೆ ದಡಕ್ಕೆ ಬಾರದವರನ್ನು ಕೈಹಿಡಿದು ಎಳೆದುಕೊಳ್ಳುವುದು. ಎರಡು ಶಾಲೆಗಳ ಅಳತೆಗೋಲನ್ನು ಒಂದು ಮಾಡುವ ಕೆಲಸ ಅದರದ್ದಲ್ಲ.

ತುಂಗೆಯ ದಡದವಳು, ತೀರ್ಥಹಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಲೆಕ್ಕವನ್ನು ಮಗಳ ಜೊತೆ ಕೂತು ಮಾಡಿ ನೋಡಿದೆ, ಅವಳಿಗೆ ನನಗಿಂತ ಬೇಗ ಅರ್ಥವಾಯಿತು. ಒಂದು ಸಂಶಯ ಉಳಿದಿದೆ. ಎಲ್ಲರಿಗೂ ಹೆಚ್ಚುಕಡಿಮೆ ಇಪ್ಪತ್ತು ಕೊಟ್ಟ ಆ ಪೇಟೆಯ ಶಾಲೆಗೆ ಇದೇ ಸೂತ್ರ ಹಚ್ಚಿದರೆ ಏನಾಗುತ್ತದೆ? ಹಾಗೆಯೇ, ಶಿಕ್ಷಕಿಯವರು ಎತ್ತಿದ ಸಣ್ಣ ತರಗತಿಯ ತೊಡಕಿಗೆ ಆಸ್ಟ್ರೇಲಿಯದವರು ಏನು ಮಾಡುತ್ತಾರೆ? ಅಲ್ಲಿಯೂ ಹಳ್ಳಿಗಳಲ್ಲಿ ಹತ್ತು ಮಕ್ಕಳ ಶಾಲೆಗಳಿರಬೇಕಲ್ಲ.

ಉತ್ತರ: ಹಳೇ ಗಣಿತ ಮೇಷ್ಟ್ರು, ಸಾಗರ

ಒಳ್ಳೆಯ ಪ್ರಶ್ನೆ. ಎಲ್ಲರಿಗೂ ಇಪ್ಪತ್ತು ಕೊಟ್ಟರೆ ಸೂತ್ರಕ್ಕೆ ಹಿಡಿಯಲು ಕ್ರಮವೇ ಸಿಗುವುದಿಲ್ಲ. ಎಲ್ಲರ ಶಾಲಾ ಅಂಕವೂ ಸಮವಾದ್ದರಿಂದ ಹೊಂದಿಸಿದ ಅಂಕವೂ ಎಲ್ಲರಿಗೂ ಒಂದೇ ಬರಬೇಕು, ಅದು ಪರೀಕ್ಷೆಯಲ್ಲಿ ಆ ಗುಂಪಿನ ಸರಾಸರಿಯೇ ಆಗಬೇಕು. ಚೆನ್ನಾಗಿ ಓದಿದವನು ಅಲ್ಲಿ ಸರಾಸರಿಗೆ ಇಳಿಯುತ್ತಾನೆ, ಓದದವನು ಸರಾಸರಿಗೆ ಏರುತ್ತಾನೆ. ಮೊದಲು ಬಂದು ಜಗಳ ಮಾಡುವವರು ಒಳ್ಳೆಯ ವಿದ್ಯಾರ್ಥಿಗಳ ಪೋಷಕರೇ. ಮರುವರ್ಷದಿಂದ ಆ ಶಾಲೆಯಲ್ಲಿ ಯಾರೂ ಎಲ್ಲರಿಗೂ ಇಪ್ಪತ್ತು ಕೊಡುವುದಿಲ್ಲ. ಮಾಡರೇಶನ್ನಿನ ನಿಜವಾದ ಬಲ ಇರುವುದು ಈ ಒತ್ತಡದಲ್ಲಿ. ಉದಾರವಾಗಿ ಅಂಕ ಕೊಡುವುದರಿಂದ ಯಾವ ಲಾಭವೂ ಇಲ್ಲವೆಂದಾದರೆ ಶಿಕ್ಷಕರು ತಮಗೆ ಕಂಡಂತೆ ಅಂಕ ಕೊಡಲು ಸ್ವತಂತ್ರರಾಗುತ್ತಾರೆ. ಹೊಸನಗರದ ತಂಗಿ ಹೇಳಿದ ಪೆನ್ನು ಹಿಡಿದವರ ಸಂಕಟ ಅಲ್ಲಿ ಅರ್ಧ ಕಡಿಮೆಯಾಗುತ್ತದೆ, ಏಕೆಂದರೆ ಪಕ್ಕದ ಶಾಲೆ ಏನು ಕೊಟ್ಟಿತು ಎಂದು ಇಣುಕಿ ನೋಡಬೇಕಾದ ಅಗತ್ಯವೇ ಇರುವುದಿಲ್ಲ.

ಸಣ್ಣ ಗುಂಪಿನ ವಿಷಯದಲ್ಲಿ ಅವರ ತಕರಾರು ನ್ಯಾಯವಾದದ್ದು. ನ್ಯೂ ಸೌತ್ ವೇಲ್ಸ್‌ನಲ್ಲಿ ಕಾಯಿಲೆ ಅಥವಾ ಅವಘಡದಿಂದ ಪರೀಕ್ಷೆ ಕೆಟ್ಟಿತೆಂದು ಅರ್ಜಿ ಕೊಟ್ಟು ಮಂಜೂರಾದ ವಿದ್ಯಾರ್ಥಿಯ ಆ ಅಂಕದಿಂದ ಉಳಿದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ವ್ಯವಸ್ಥೆ ಇದೆ. ನೆರೆಯ ವಿಕ್ಟೋರಿಯ ರಾಜ್ಯದಲ್ಲಿ ತೀರ ಚಿಕ್ಕ ಗುಂಪಿನ ಶಾಲೆಗಳು ಇನ್ನೊಂದು ಶಾಲೆಯ ಜೊತೆ ಜೋಡಿಯಾಗಿ, ಒಂದೇ ಬಗೆಯ ಮೌಲ್ಯಮಾಪನ ನಡೆಸಿ, ಇಬ್ಬರ ಮಕ್ಕಳನ್ನೂ ಒಂದೇ ಪಟ್ಟಿಯಲ್ಲಿಟ್ಟು ಅಂಕ ಕೊಡುತ್ತವೆ. ನಗರ, ನಿಟ್ಟೂರು, ಸಂಪೇಕಟ್ಟೆ ಕಡೆಯ ಮೂರು ನಾಲ್ಕು ಪ್ರೌಢಶಾಲೆಗಳು ಕೂಡಿಕೊಂಡರೆ ನಲವತ್ತು ಐವತ್ತು ಮಕ್ಕಳ ಒಂದು ಗುಂಪು ಆಗಬಹುದು. ಕಿರು ಪರೀಕ್ಷೆಯ ಪ್ರಶ್ನೆಪತ್ರಿಕೆ ಒಂದೇ ಇರಲಿ. ನಿಮ್ಮ ಮಕ್ಕಳ ಪತ್ರಿಕೆಯನ್ನು ನಾವು ತಿದ್ದುತ್ತೇವೆ, ನಮ್ಮದನ್ನು ನೀವು ತಿದ್ದಿ. ನಾನು ಕೆಲಸದಲ್ಲಿದ್ದಾಗ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳನ್ನು ಪಕ್ಕದ ಶಾಲೆಯ ಮಿತ್ರರೊಡನೆ ಹೀಗೆ ಅದಲುಬದಲು ಮಾಡಿಕೊಂಡದ್ದುಂಟು. ಇಬ್ಬರಿಗೂ ಮುಜುಗರವಾಯಿತು. ಅವರು ನನ್ನ ಹುಡುಗರಿಗೆ ನಾನು ಕೊಡುವುದಕ್ಕಿಂತ ಹೆಚ್ಚು ಕೊಟ್ಟಿದ್ದರು, ನಾನು ಅವರವರಿಗೆ ಕಡಿಮೆ ಕೊಟ್ಟಿದ್ದೆ. ನನ್ನ ಬಿಗಿ ನನಗೆ ಕಂಡದ್ದು ಆ ದಿನವೇ.

ಉತ್ತರ: ಹೊಸನಗರದ ಶಿಕ್ಷಕಿ

ಜೋಡಿ ಶಾಲೆಯ ವಿಚಾರ ನನಗೆ ಹಿಡಿಸಿತು, ಅದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಮಳೆಗಾಲದ ಮೊದಲ ಮೌಲ್ಯಮಾಪನಕ್ಕೆ ಅದು ಕಷ್ಟ, ಜನವರಿಯ ನಾಲ್ಕನೆಯದಕ್ಕೆ ಸಾಧ್ಯ. ಆದರೂ ಚಟುವಟಿಕೆಗಳ ಮೂವತ್ತು ಅಂಕಗಳನ್ನು ಹೀಗೆ ಅದಲುಬದಲು ಮಾಡಿ ಅಳೆಯಲು ಬರುವುದಿಲ್ಲ. ಮಗು ತರಗತಿಯ ಮುಂದೆ ನಿಂತು ಮಾತನಾಡಿದ್ದನ್ನು ಪಕ್ಕದ ಊರಿನವರು ಕಾಗದದ ಮೇಲೆ ನೋಡಲಾರರು. ಆ ಭಾಗ ಶಿಕ್ಷಕರ ವಿವೇಚನೆಗೇ ಉಳಿಯಬೇಕು, ಉಳಿಯಲಿ ಎಂದೇ ನನ್ನ ಅಭಿಪ್ರಾಯ.

ತುಂಗೆಯ ದಡದವರಿಗೆ ಒಂದು ಸಲಹೆ. ಮಗಳ ಅಂಕ ಹದಿನಾಲ್ಕು ಎಂದು ಕೊರಗುವ ಮೊದಲು ಅದು ಎಲ್ಲಿ ಕಳೆದಿದೆ ಎಂದು ನೋಡಿ. ಪ್ರತಿ ಚಟುವಟಿಕೆಗೂ ಅಂಕ ಕೊಟ್ಟ ಮಾನದಂಡಗಳ ದಾಖಲೆ ಶಿಕ್ಷಕರ ಬಳಿ ಇರುತ್ತದೆ, ಕಿರು ಪರೀಕ್ಷೆಯ ಪತ್ರಿಕೆಯೂ ಇರುತ್ತದೆ. ಕಿರು ಪರೀಕ್ಷೆಯಲ್ಲಿ ಕಳೆದಿದ್ದರೆ ಅದು ಓದಿನ ವಿಷಯ. ಮಳೆಯ ದಿನಗಳಲ್ಲಿ ತಪ್ಪಿದ ಚಟುವಟಿಕೆಗೆ ಸೊನ್ನೆ ಬಿದ್ದಿದ್ದರೆ, ಅದನ್ನು ಮತ್ತೆ ಮಾಡಿಸಲು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅಂಕಗಳು ಪೋರ್ಟಲ್‌ಗೆ ಏರುವ ಮುನ್ನ ಕೇಳಬೇಕು. ಏರಿದ ಮೇಲೆ ಮುಖ್ಯೋಪಾಧ್ಯಾಯರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ತುಂಗೆಯ ದಡದವಳು, ತೀರ್ಥಹಳ್ಳಿ

ನಿನ್ನೆ ಶಾಲೆಗೆ ಹೋಗಿಬಂದೆ. ಗಣಿತದ ಶಿಕ್ಷಕರು ದಾಖಲೆಯನ್ನು ಬೇಸರವಿಲ್ಲದೆ ತೆರೆದು ತೋರಿಸಿದರು. ಕಿರು ಪರೀಕ್ಷೆಗಳಲ್ಲಿ ಅವಳಿಗೆ ಇಪ್ಪತ್ತಕ್ಕೆ ಹದಿನೇಳು, ಹದಿನೆಂಟು ಇದೆ. ಕಳೆದಿರುವುದು ಜುಲೈ ತಿಂಗಳ ಎರಡು ಚಟುವಟಿಕೆಗಳಲ್ಲಿ. ಆ ವಾರ ನಮ್ಮ ಮನೆಯ ದಾರಿಯ ಸಂಕದ ಮೇಲೆ ನೀರು ಹರಿಯುತ್ತಿತ್ತು. ಬರುವ ಶನಿವಾರ ಎರಡನ್ನೂ ಮತ್ತೆ ಮಾಡಿಸುವುದಾಗಿ ಹೇಳಿದ್ದಾರೆ. ತರಗತಿಗೆ ಮೊದಲನೆಯವಳಾದ ಹುಡುಗಿಯದ್ದೂ ಅದೇ ಕಥೆಯಾದ್ದರಿಂದ ಇಬ್ಬರನ್ನೂ ಒಟ್ಟಿಗೇ ಕೂರಿಸುತ್ತಾರಂತೆ.